ರೇಡಿಯೇಟರಿನಲ್ಲಿ ಸಿಕ್ಕ ಹಸಿರು ಚೂರುಗಳು

ಇಂಜಿನ್ ಹೆಡ್ಡಿನ ಕೊನೆಯ ಬೋಲ್ಟು ‘ಟಕ್’ ಅಂತ ಸಡಿಲಾಯಿತು. ಅಚಿಯಾ ಪಾನಾ ಕೆಳಗಿಟ್ಟು ನಕ್ಕಳು.

“ಕೇಳಿಸ್ತೇನಪ್ಪ ಅಟಕೋರಾ?”

ಬೇವಿನ ಮರದ ನೆರಳಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ತೂಕಡಿಸುತ್ತಿದ್ದ ಕಾನ್‌ಸ್ಟೆಬಲ್ ಅಟಕೋರಾ ಬೆಚ್ಚಿಬಿದ್ದು ಟೋಪಿ ಸರಿಮಾಡಿಕೊಂಡ. “ಏನು ಮೇಡಂ?”

“ಎಲ್ಲಾ ಬೋಲ್ಟೂ ಒಂದೇ ದನಿಯಲ್ಲಿ ಬಿಟ್ಟವು. ಒಂದು ಬಿಗಿ, ಒಂದು ಸಡಿಲ ಅಂತಿಲ್ಲ. ಇದನ್ನ ಹಾಕಿದವನು ಅಚ್ಚುಕಟ್ಟು ಮನುಷ್ಯ. ಆಂಟ್ವಿ ಬೇಕಂತಲೇ ಬೋಲ್ಟು ಸಡಿಲ ಬಿಟ್ಟ ಅಂತ ನಿಮ್ಮ ಇನ್‌ಸ್ಪೆಕ್ಟರ್ ಸಾಹೇಬ್ರು ಬರ್ದಿದಾರಲ್ಲ, ಅದು ಬರೀ ಸುಳ್ಳು.”

“ಸುಳ್ಳಲ್ಲ ಮೇಡಂ. ಅನುಮಾನ.”

“ಅನುಮಾನ ಅಂದ್ಕೊಂಡು ಹುಡುಗನ್ನ ವಾರದಿಂದ ಲಾಕಪ್ಪಲ್ಲಿ ಕೂರಿಸಿದೀರ. ಚೆನ್ನಾಗಿದೆ ನಿಮ್ಮ ಅನುಮಾನ.”

ಮರದ ವ್ಯಾಪಾರಿ ಡುಫೂರ್ ಯಜಮಾನರು ಎಂಟು ದಿನದ ಹಿಂದೆ, ಶನಿವಾರ, ನೆಂಟರೊಬ್ಬರ ಸಾವಿನ ಕಾರ್ಯಕ್ಕೆಂದು ಕಪ್ಪು ಬಟ್ಟೆ ಹೊದ್ದು ಕುಮಾಸಿಯಿಂದ ಹೊರಟವರು ಮತ್ತೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅವರ ಕಾರು ಮಾತ್ರ ಊರ ಪೂರ್ವಕ್ಕೆ, ಎಜಿಸು ಹತ್ತಿರ, ರಸ್ತೆ ಬದಿಯಲ್ಲಿ ಇಂಜಿನ್ ಕುದಿದು ನಿಂತಿತ್ತು. ಇಲ್ಲಿಯದು ಅಳಿಯಸಂತಾನ. ಯಜಮಾನರು ಕಣ್ಮುಚ್ಚಿದರೆ ಮಿಲ್ಲು, ಮನೆ, ಕೋಕೋ ತೋಟ ಯಾವುದೂ ಸ್ವಂತ ಮಕ್ಕಳಿಗಲ್ಲ, ತಂಗಿಯ ಮಗ ಆಂಟ್ವಿಗೆ. ಆ ಆಂಟ್ವಿಯೇ ಕೆಲವು ದಿನ ಮೊದಲು ಇದೇ ಇಂಜಿನ್ನಿನ ಹೆಡ್ ಬಿಚ್ಚಿ ಮತ್ತೆ ಕೂರಿಸಿದ್ದ. ಪೊಲೀಸರಿಗೆ ಇನ್ನೇನು ಬೇಕು?

ಯಜಮಾನರ ಹಿರೀಮಗ ಬ್ರೆಂಪೊಂಗ್ ರೇಡಿಯೋದವರ ಮೈಕಿನ ಮುಂದೆ ಅತ್ತೂ ಅತ್ತೂ ಊರನ್ನೇ ಅಳಿಸಿದ್ದ. ನಾಳೆ ಸೋಮವಾರ ಕೋರ್ಟು. ಆಂಟ್ವಿಯ ಮೇಲೆ ಕೊಲೆ ಆರೋಪ ಹೊರಿಸುವುದೊಂದೇ ಬಾಕಿ.

ಸಾಕ್ಷಿಯಾಗಿ ಕಾರೂ ಕೋರ್ಟಿನ ಅಂಗಳಕ್ಕೆ ಬರಬೇಕಿತ್ತು. ಎಳೆದುಕೊಂಡು ಹೋಗುವ ಗಾಡಿ ಠಾಣೆಯಲ್ಲಿ ಒಂದೇ ಇತ್ತು, ಅದೂ ಕೆಟ್ಟು ಮಲಗಿತ್ತು. ಅಚಿಯಾ ಇಂಥದ್ದೇ ಸಂದಿಗೆ ಕಾದಿದ್ದವಳು. “ನಮ್ಮನೆ ಅಂಗಳಕ್ಕೆ ತಳ್ಳಿಸಿ ಸಾಹೇಬ್ರೆ, ನಾಳೆ ಅದರ ಕಾಲ ಮೇಲೆ ಅದೇ ನಡ್ಕೊಂಡು ಬರುತ್ತೆ,” ಅಂದಳು. ಸಾಹೇಬರು ಕಾವಲಿಗೆ ಅಟಕೋರಾನನ್ನು ಜೊತೆಗೆ ಕಳಿಸಿ ಕೈತೊಳೆದುಕೊಂಡರು.

ಅಚಿಯಾ ಹುಟ್ಟಿ ಬೆಳೆದಿದ್ದು ಸುವಾಮೆಯ ಗ್ಯಾರೇಜುಗಳ ನಡುವೆ. ಅಪ್ಪನಿಗೆ ಪಾನಾ ಎತ್ತಿಕೊಡುತ್ತಾ ಇಂಜಿನ್ ಕಲಿತಳು, ಆಮೇಲೆ ಪೊಲೀಸ್ ಕೆಲಸದಲ್ಲಿ ಮನುಷ್ಯರನ್ನು ಕಲಿತಳು, ಅದನ್ನೂ ಬಿಟ್ಟು ಈಗ ತನ್ನ ಪಾಡಿಗೆ ಪತ್ತೇದಾರಿಕೆ ಮಾಡಿಕೊಂಡಿದ್ದಳು. ಎರಡೂ ವಿದ್ಯೆ ಒಟ್ಟಿಗೆ ಕೈಗೆ ಬರುವಂಥ ಕೇಸು ಸಿಕ್ಕಿದ್ದು ಇದೇ ಮೊದಲು. ಅವಳಿಗೆ ಖುಷಿಯಾಗಿತ್ತು, ಅದನ್ನು ಮುಚ್ಚಿಡುವ ಹೆಂಗಸೂ ಅವಳಲ್ಲ.

“ಬಾ, ಹೆಡ್ ಎತ್ತೋಕೆ ಕೈ ಹಾಕು.”

“ಯೂನಿಫಾರ್ಮು ಮೇಡಂ.”

“ಕೊಳೆಯಾದ್ರೆ ನಾನೇ ಒಗೆದು ಕೊಡ್ತೀನಿ, ಬಾರಯ್ಯ.”

ಇಬ್ಬರೂ ಸೇರಿ ಆ ಕಬ್ಬಿಣದ ದಿಮ್ಮಿಯನ್ನು ಎತ್ತಿ ಗೋಣಿಚೀಲದ ಮೇಲಿಟ್ಟರು. ಅದರಡಿ ನೀರು ಸೋರದಂತೆ ಹಾಸುವ ಗ್ಯಾಸ್ಕೆಟ್ ಹಾಳೆ ನಡುವೆ, ಎರಡು ಸಿಲಿಂಡರುಗಳ ಮಧ್ಯೆ, ಸುಟ್ಟು ಕರಕಲಾಗಿ ಹರಿದಿತ್ತು. ಅದು ಅಚಿಯಾ ನೆನೆಸಿದ್ದೇ. ಆದರೆ ಅದರ ಕೆಳಗೆ ಕಂಡದ್ದಕ್ಕೆ ಅವಳ ಹುಬ್ಬು ಮೇಲೇರಿತು.

ಅಂಚಿನ ಎರಡು ಪಿಸ್ಟನ್ನುಗಳ ತಲೆ ಮಸಿ ಹಿಡಿದು ಕಪ್ಪಗಿತ್ತು. ನಡುವಿನವೆರಡು ಹುಣಸೆಹಣ್ಣು ಹಾಕಿ ತಿಕ್ಕಿದ ಪಾತ್ರೆಯ ಹಾಗೆ ಫಳಫಳ ಹೊಳೆಯುತ್ತಿದ್ದವು.

“ನೋಡು. ಹರಿದ ಗ್ಯಾಸ್ಕೆಟ್ ದಾಟಿ ನೀರು ಒಳಗೆ ಬಂದಿದೆ. ಅದು ಹಬೆಯಾಗಿ ಮಸಿಯನ್ನೆಲ್ಲ ತೊಳೆದಿದೆ. ಒಂದೆರಡು ನಿಮಿಷದಲ್ಲಿ ಇಷ್ಟು ತೊಳೆಯೋಕಾಗಲ್ಲ. ಗ್ಯಾಸ್ಕೆಟ್ ಹೋದ ಮೇಲೂ ಈ ಕಾರು ತುಂಬಾ ದೂರ ಓಡಿದೆ.”

“ಕುದಿದ ಕೂಡ್ಲೆ ಎಜಿಸುವಿನಲ್ಲಿ ನಿಲ್ಲಿಸ್ದೆ ಅಂತ ಡ್ರೈವರ್ ಬೆದಿಯಾಕೊ ಹೇಳಿಕೆ ಕೊಟ್ಟಿದಾನಲ್ಲ?”

“ಅದಕ್ಕೇ ಅವನನ್ನೂ ಬಾ ಅಂದಿದೀನಿ.”

ಕೆಳಗಿನ ಹೋಸ್ ಪೈಪು ಒಡೆದಿತ್ತು. ಅದಕ್ಕೆ ಯಾರೋ ಹಳೇ ಟ್ಯೂಬಿನ ಪಟ್ಟಿ ಸುತ್ತಿ ಕಟ್ಟಿದ್ದರು. ಅಂದರೆ ಮೊದಲು ಹೋದದ್ದು ಪೈಪು, ನೀರು ಸೋರಿ ಬರಿದಾದ ಮೇಲೆ ಗ್ಯಾಸ್ಕೆಟ್ಟು. ಆಂಟ್ವಿಯ ಕೈಕೆಲಸಕ್ಕೂ ಇದಕ್ಕೂ ಏನೇನೂ ಸಂಬಂಧವಿಲ್ಲ. ಅಚಿಯಾ ಇನ್ನೊಂದು ಹೆಜ್ಜೆ ಹೋದಳು. ರೇಡಿಯೇಟರನ್ನೇ ಬಿಚ್ಚಿ ತಂದು ತಲೆಕೆಳಗು ಮಾಡಿ ಅಲ್ಯೂಮಿನಿಯಂ ಬೋಗುಣಿಯ ಮೇಲೆ ಜಾಡಿಸಿದಳು.

ಮೊದಲು ತುಕ್ಕುನೀರು ಬಂತು. ಹಿಂದೆಯೇ ಚಿಕ್ಕ ಚಿಕ್ಕ ಪ್ಲಾಸ್ಟಿಕ್ ಚೂರುಗಳು ಉದುರತೊಡಗಿದವು. ಒಂದಲ್ಲ ಎರಡಲ್ಲ, ಒಂದು ಹಿಡಿ.

ಅಟಕೋರಾ ಬಗ್ಗಿ ನೋಡಿದ. “ಇದು ಕುಡಿಯೋ ನೀರಿನ ಪೊಟ್ಟಣದ ಮೂಲೆ ಮೇಡಂ.”

ಹೌದು, ಮೂಲೆಯೇ. ದಾರಿಯುದ್ದಕ್ಕೂ ತಲೆಯ ಮೇಲೆ ಹೊತ್ತು ಮಾರುವ ಪೊಟ್ಟಣದ ನೀರು. ಯಾರಾದರೂ ಸರಿಯೇ, ಮೂಲೆ ಕಚ್ಚಿ ಹರಿದೇ ಕುಡಿಯುವುದು. ಅವಸರದಲ್ಲಿ ಹಾಗೇ ಕಚ್ಚಿ ಹಾಗೇ ರೇಡಿಯೇಟರಿಗೆ ಸುರಿದವರ ಕೈಯಲ್ಲಿ ಆ ಮೂಲೆಯೂ ನೀರಿನ ಜೊತೆ ಒಳಗೆ ಬೀಳುತ್ತದೆ. ಯಾರೂ ಅದನ್ನು ಲೆಕ್ಕಕ್ಕೇ ತಗೊಳ್ಳುವುದಿಲ್ಲ.

“ಆದ್ರೆ ಇದೇನು, ಅಚ್ಚು ಹಸಿರು? ನಮ್ಮ ಕುಮಾಸೀಲಿ ಎಲ್ಲಾ ನೀಲಿನೇ,” ಅಂದಳು ಅಚಿಯಾ.

“ಹಸಿರು ನಮ್ಮೂರ ಕಡೇದು,” ಅಟಕೋರಾ ಹೆಮ್ಮೆಯಿಂದ ಹೇಳಿದ. “ಮಾಂಪಾಂಗಲ್ಲಿ ಒಬ್ಬ ಮಾಡ್ತಾನೆ. ಆ ಸಂತೆ ಬಿಟ್ರೆ ಬೇರೆಲ್ಲೂ ಮಾರಲ್ಲ. ಎಂಥಾ ಸಿಹಿ ನೀರು ಅಂತೀರಿ!”

ಮಾಂಪಾಂಗ್ ಇರುವುದು ಉತ್ತರಕ್ಕೆ. ಕಾರು ಸಿಕ್ಕಿದ್ದು ಪೂರ್ವಕ್ಕೆ.

ಅಂಗಳದ ಇನ್ನೊಂದು ಮೂಲೆಯಲ್ಲಿ ಒಲೆಯ ಮುಂದೆ ಕೂತಿದ್ದ ತಿವಾ ಬಾಳೆಹಣ್ಣಿನ ಹೋಳು ಎಣ್ಣೆಗೆ ಬಿಡುತ್ತಿದ್ದಳು. ಡುಫೂರ್ ಯಜಮಾನರ ಒಬ್ಬಳೇ ತಂಗಿ, ಆಂಟ್ವಿಯ ತಾಯಿ. ಅಚಿಯಾಳನ್ನು ಈ ಕೆಲಸಕ್ಕೆ ಕರೆದವಳೂ ಅವಳೇ. ಸಂಜೆ ಲಾಕಪ್ಪಿಗೆ ಒಯ್ಯಬೇಕಾದ ಡಬ್ಬಿ ಪಕ್ಕದಲ್ಲೇ ತೊಳೆದು ಬೋರಲು ಹಾಕಿತ್ತು. ದಿನಕ್ಕೆ ಎರಡು ಹೊತ್ತೂ ಮಗನಿಗೆ ಊಟ ಅವಳೇ ಹೊತ್ತುಕೊಂಡು ಹೋಗುತ್ತಿದ್ದಳು.

“ತಿವಾಕ್ಕ, ನಿಮ್ಮ ಮಗ ನಾಳೆ ಮನೆಗೆ ಬರ್ತಾನೆ,” ಅಚಿಯಾ ಕೂಗಿ ಹೇಳಿದಳು.

ತಿವಾ ತಲೆಯೆತ್ತಿ ನೋಡಿದಳು. “ದೇವರ ದಯೆ,” ಅಂದಳು, ಮತ್ತೆ ಬಾಣಲೆಗೆ ತಿರುಗಿದಳು.

ಅಟಕೋರಾಗೆ ಹಸಿವು ತಡೆಯಲಿಲ್ಲ. ಬಾಳೆಹಣ್ಣಿನಲ್ಲಿ ಹೊಟ್ಟೆ ತುಂಬುವುದಿಲ್ಲ, ಬೀದಿ ತಿರುವಿನಿಂದ ಎಲೆಯಲ್ಲಿ ಸುತ್ತಿದ ಜೋಳದ ಕೆಂಕಿ ಉಂಡೆ ಮತ್ತು ಕರಿದ ಮೀನು ತರುತ್ತೇನೆ ಅಂತ ಹೊರಟ. ಗೇಟಿನಲ್ಲಿ ಒಳಗೆ ಬರುತ್ತಿದ್ದ ಬೆದಿಯಾಕೊ ಅವನಿಗೆ ಎದುರಾದ.

ಬೆದಿಯಾಕೊ ಯಜಮಾನರ ಕಾರು ಓಡಿಸುತ್ತಾ ತಲೆ ನರೆತವನು. ಅಚಿಯಾ ಅವನಿಗೆ ಬೋಗುಣಿ ತೋರಿಸಲಿಲ್ಲ. ಅದರ ಮೇಲೆ ಬಟ್ಟೆ ಮುಚ್ಚಿ ಬದಿಗಿಟ್ಟಿದ್ದಳು.

“ಬಾಪ್ಪ. ಕೈ ಜೋಡಿಸು.”

ಹೆಡ್ ಕೂರುವ ಇಂಜಿನ್ ಬ್ಲಾಕಿನ ಮುಖವನ್ನು ಅವಳು ಆಗಲೇ ಕೆರೆದು ಒರೆಸಿ ಕನ್ನಡಿ ಮಾಡಿದ್ದಳು. ಹೆಡ್ಡಿಗೆ ಉಕ್ಕಿನ ಪಟ್ಟಿ ಅಡ್ಡ ಹಿಡಿದು ಬೆಳಕಿಗೆ ನೋಡಿದಳು. ಎಲ್ಲೂ ಸೊಟ್ಟಗಾಗಿರಲಿಲ್ಲ. ಹೊಸ ಗ್ಯಾಸ್ಕೆಟ್ಟನ್ನು ತೂತಿಗೆ ತೂತು ಕೂಡಿಸಿ ಹಾಸಿದಳು, ಇಬ್ಬರೂ ಹೆಡ್ಡನ್ನು ಮೆಲ್ಲಗೆ ಇಳಿಸಿದರು, ಬೋಲ್ಟುಗಳಿಗೆ ಎಣ್ಣೆ ಸವರಿ ಕೈಯಲ್ಲೇ ತಿರುಗಿಸಿ ಕೂರಿಸಿದರು.

ಹೆಡ್ ಬಿಗಿಯುವುದಕ್ಕೆ ಒಂದು ಕ್ರಮವಿದೆ. ನಡುವಿನಿಂದ ಶುರು ಮಾಡಿ ಎದುರುಬದುರಾಗಿ ಹೊರಕ್ಕೆ ಹೋಗಬೇಕು. ಮೊದಲ ಸುತ್ತು ಮೆತ್ತಗೆ, ಎರಡನೆಯದು ಗಟ್ಟಿ, ಮೂರನೆಯದು ಪೂರ್ತಿ. ಅವಸರಪಟ್ಟು ಒಂದನ್ನೇ ಜಗ್ಗಿದರೆ ಎಲ್ಲ ಕೆಡುತ್ತದೆ. ಮನುಷ್ಯರ ಬಾಯಿ ಬಿಡಿಸುವುದಕ್ಕೂ ಅದೇ ಕ್ರಮ ಅಂತ ಅಚಿಯಾಳ ಲೆಕ್ಕ.

ಮೊದಲ ಸುತ್ತು.

“ಎಜಿಸುವಿನಲ್ಲಿ ಕುದಿದ ಕೂಡ್ಲೆ ನಿಲ್ಸಿದ್ಯಾ?”

“ಹೊಗೆ ಎದ್ದಿದ್ದೇ ತಡ, ನಿಲ್ಸಿದೆ ಮೇಡಂ.”

“ಯಜಮಾನ್ರು ಏನಂದ್ರು?”

“ನೀನಿಲ್ಲೇ ಇರು, ನಾನು ವ್ಯಾನ್ ಹತ್ಕೊಂಡು ಹೋಗ್ತೀನಿ, ಸಾವಿನ ಮನೆಗೆ ತಡ ಆಗುತ್ತೆ ಅಂದ್ರು.”

“ನೀರು ಹಾಕಿದ್ಯಾ?”

“ಪಕ್ಕದ ಮನೆಯವರು ಒಂದು ಕೊಡ ಕೊಟ್ರು. ಹಾಕಿದೆ. ನಿಲ್ಲಲಿಲ್ಲ.”

“ಒಂದೇ ಕೊಡ?”

“ಒಂದೇ ಮೇಡಂ.”

“ಪಾಪ,” ಅಂದಳು ಅಚಿಯಾ. ಮತ್ತೆ ನಡುವಿನ ಬೋಲ್ಟಿಗೆ ಬಂದಳು.

ಎರಡನೇ ಸುತ್ತಿನಲ್ಲಿ ಉದ್ದ ಹಿಡಿಯ ಪಾನಾವನ್ನು ಬೆದಿಯಾಕೊ ಕೈಗೇ ಕೊಟ್ಟಳು. ಬಿಸಿಲು ಏರಿತ್ತು. ಅವನ ಕತ್ತಿನಿಂದ ಬೆವರು ಇಳಿಯುತ್ತಿತ್ತು. ಸುತ್ತು ಮುಗಿಯಲು ಒಂದೇ ಬೋಲ್ಟು ಇರುವಾಗ ಅವಳು ಒಂದು ನೀರಿನ ಪೊಟ್ಟಣ ಅವನ ಮುಂದೆ ಹಿಡಿದಳು.

“ಕುಡಿ. ಸುಸ್ತಾಗಿದೀಯ.”

ಬೆದಿಯಾಕೊಗೆ ಮುಂದಿನ ಹಲ್ಲಿರಲಿಲ್ಲ. ಮೂಲೆಯನ್ನು ದವಡೆಯ ಕಡೆ ತುರುಕಿಕೊಂಡು ಜಗಿದು ಎಳೆದ. ಎಲ್ಲರ ಹಾಗೆ ಕತ್ತರಿಸಿ ಉಗುಳಲಿಲ್ಲ. ಜಗಿದ ಮೂಲೆ ನಾರಿನಂತೆ ಉದ್ದಕ್ಕೆ ಜಗ್ಗಿಕೊಂಡು ನೇತಾಡಿತು, ಅವನು ಗಟಗಟ ಕುಡಿದ.

ಅಚಿಯಾ ಖಾಲಿ ಪೊಟ್ಟಣ ಇಸಕೊಂಡಳು. ಬೋಗುಣಿಯ ಮೇಲಿನ ಬಟ್ಟೆ ತೆಗೆದು ಪಕ್ಕದಲ್ಲಿಟ್ಟಳು. ಒಳಗಿನ ಹಸಿರು ಮೂಲೆಗಳೂ ಹಾಗೇ ಜಗಿದು ನಜ್ಜುಗುಜ್ಜಾಗಿದ್ದವು, ಬಾಲ ಬಿಟ್ಟುಕೊಂಡು.

“ಇವು ನಿನ್ನ ರೇಡಿಯೇಟರಲ್ಲಿ ಸಿಕ್ಕಿದ್ದು. ಕೊಡದಲ್ಲಿ ನೀರು ಹಾಕಿದೆ ಅಂದೆ. ಯಾವ ಕೊಡದಪ್ಪ ಇದು? ಮಾಂಪಾಂಗ್ ಕೊಡವಾ?”

ಬೆದಿಯಾಕೊ ಮುಖ ಹುಳ್ಳಗಾಯಿತು. ಪಾನಾ ಹಿಡಿದ ಕೈ ನಿಂತಿತು.

“ಬಿಗಿ ಮಾಡು, ಬಿಡಬೇಡ. ಮಾಂಪಾಂಗಿಗೆ ಹೋಗಿ, ಅಲ್ಲಿಂದ ಪೊಟ್ಟಣ ಪೊಟ್ಟಣ ನೀರು ಕುಡಿಸ್ತಾ ಸುತ್ತುದಾರೀಲಿ ಕಾರನ್ನ ಎಜಿಸುಗೆ ತಂದು ನಿಲ್ಸಿದೀಯ. ಹುಡುಕೋರು ತಪ್ಪು ಜಾಗದಲ್ಲಿ ಹುಡುಕ್ಲಿ ಅಂತ. ಯಜಮಾನ್ರನ್ನ ಏನು ಮಾಡ್ದೆ?”

“ನಾನೇನೂ ಮಾಡಿಲ್ಲ ಮೇಡಂ.”

“ಆಂಟ್ವಿ ನಿನ್ನ ಕಣ್ಮುಂದೆ ಬೆಳೆದ ಹುಡುಗ. ನಾಳೆ ಅವನ ಕೊರಳಿಗೆ ಕೊಲೆ ಕಟ್ತಾರೆ. ಇಲ್ಲಾಂದ್ರೆ ಇದನ್ನ ತೋರ್ಸಿ ನಾನು ನಿನ್ನ ಕೊರಳಿಗೆ ಕಟ್ತೀನಿ. ಯಾವುದಾಗಲಿ ಹೇಳು.”

“ಯಜಮಾನ್ರು ಸತ್ತಿಲ್ಲ ಮೇಡಂ,” ಬೆದಿಯಾಕೊ ದನಿ ಒಡೆಯಿತು. “ಮಾಂಪಾಂಗಲ್ಲಿ ನಾನೇ ಹೆಗಲು ಕೊಟ್ಟು ಇಳಿಸ್ದೆ. ಬಾಗಿಲು ತೆಗೆದು ಒಳಗೆ ಕರ್ಕೊಂಡಿದ್ದು…”

ಅವನ ಕಣ್ಣು ಅಚಿಯಾಳ ಹೆಗಲಿನಾಚೆ ಹೋಗಿ ನಿಂತಿತ್ತು. ಅವಳು ತಿರುಗಿ ನೋಡಿದಳು.

ಒಲೆಯ ಮುಂದಿಂದ ತಿವಾ ಎದ್ದು ಬಂದಿದ್ದಳು. ಕೈಯಲ್ಲಿ ಜಾಲರಿ ಸೌಟು.

“ಸಾಕು ಬೆದಿಯಾಕೊ. ನೀರು ಕುಡ್ದೆಯಲ್ಲ, ಸುಮ್ನಿರು,” ಅಂದಳು.

ಅಚಿಯಾ ಇದನ್ನು ನೆನೆಸಿರಲಿಲ್ಲ. ಹಾಗೆ ಆಗುವುದು ಅವಳಿಗೆ ಅಪರೂಪ.

“ನೀವಾ?”

“ನಾನೇ. ಮಾಂಪಾಂಗಲ್ಲಿರೋದು ನನ್ನ ಗಂಡ ಬಿಟ್ಟುಹೋದ ಮನೆ. ಆವತ್ತು ನಾನು ಅದನ್ನ ಗುಡಿಸೋಕೆ ಹೋಗಿದ್ದೆ. ಬ್ರೆಂಪೊಂಗ್ ಮನೆಯಿಂದ ಬಂದ ಮೀನಿನ ಸಾರು ಉಂಡ್ಕೊಂಡು ಅಣ್ಣ ಕಾರು ಹತ್ತಿದ್ದ. ಊರು ದಾಟೋ ಮೊದ್ಲೇ ಹೊಟ್ಟೆ ಹಿಡ್ಕೊಂಡು ಒದ್ದಾಡೋಕೆ ಶುರು. ಆಸ್ಪತ್ರೆಗೆ ಹೋದ್ರೆ ಅಲ್ಲಿಗೂ ಮಗ ಡಬ್ಬಿ ತರ್ತಾನೆ, ತಂಗಿ ಹತ್ರ ಬಿಡು ಅಂದನಂತೆ.”

“ದಾರೀಲಿ ಪೈಪು ಒಡೀತು ಮೇಡಂ,” ಅಂದ ಬೆದಿಯಾಕೊ. “ಹಿಂದಿನ ಸೀಟಲ್ಲಿ ಅವರು ಸಾಯೋ ಹಾಗಿದ್ರು. ನಿಲ್ಸೋಕಾಗುತ್ತಾ? ಇಂಜಿನ್ ಹಾಳಾದ್ರೆ ಆಗ್ಲಿ ಅಂತ ಓಡಿಸ್ದೆ.”

“ಈಗ ಹೇಗಿದಾರೆ?”

“ರಾತ್ರಿ ನಾನು ಹೋಗಿ ಕಾಯಿಸಿಟ್ಟ ಗಂಜಿ ಕುಡೀತಾನೆ. ಎದ್ದು ಕೂರ್ತಾನೆ,” ಅಂದಳು ತಿವಾ.

ಅಚಿಯಾಗೆ ಸಿಟ್ಟು ನೆತ್ತಿಗೇರಿತು. “ಮತ್ತೆ ಮಗನ್ನ ಲಾಕಪ್ಪಲ್ಲಿ ಕೊಳೆಯೋಕೆ ಬಿಟ್ಟಿದೀರಲ್ಲ? ಹೆತ್ತವರಾ ನೀವು?”

“ಹೆತ್ತಿದ್ದಕ್ಕೇ ಬಿಟ್ಟಿದ್ದು,” ತಿವಾ ದನಿ ಏರಿಸಲಿಲ್ಲ. “ಅಣ್ಣ ಸತ್ರೆ ಎಲ್ಲಾ ಆಂಟ್ವಿಗೆ. ಆಂಟ್ವಿನೂ ಸತ್ರೆ? ನನಗೆ ಬೇರೆ ಮಕ್ಕಳಿಲ್ಲ. ಆಮೇಲೆ ಆಸ್ತಿಗೆ ಕೈ ಹಾಕೋಕೆ ಬ್ರೆಂಪೊಂಗಿಗೆ ಯಾರು ಅಡ್ಡ? ಹೊರಗಿದ್ರೆ ಹುಡುಗ ಯಾರ ಮನೇಲಿ ಏನು ಉಣ್ತಾನೋ ನಾನು ಕಾಯೋಕಾಗಲ್ಲ. ಲಾಕಪ್ಪಲ್ಲಿ ಅವನು ಉಣ್ಣೋದು ನನ್ನ ಕೈ ಅಡುಗೆ ಒಂದೇ.”

“ಹಾಗಾದ್ರೆ ನನ್ನನ್ನ ಯಾಕೆ ಕರೆದ್ರಿ?”

“ಊರ ಬಾಯಿ ಮುಚ್ಚಿಸೋಕೆ. ಮಗನಿಗೋಸ್ಕರ ಓಡಾಡದ ತಾಯಿ ಅಂದ್ರೆ ಯಾರಿಗಾದ್ರೂ ಅನುಮಾನ ಬರುತ್ತೆ. ನೀನು ನಾಲ್ಕು ಜನನ್ನ ಮಾತಾಡ್ಸಿ, ನಾಲ್ಕು ಮನೆ ಸುತ್ತಿ ಸುಮ್ನಾಗ್ತೀಯ ಅಂದ್ಕೊಂಡೆ. ಹೆಂಗಸು ಅಂಗಳದಲ್ಲಿ ಕೂತು ಇಂಜಿನ್ ಬಿಚ್ಚಿಹಾಕ್ತಾಳೆ ಅಂತ ನನಗೇನು ಗೊತ್ತು?”

ಬೇರೆ ದಿನವಾಗಿದ್ದರೆ ಅಚಿಯಾ ಈ ಮಾತಿಗೆ ಹೊಟ್ಟೆ ತುಂಬ ನಗುತ್ತಿದ್ದಳು.

“ತಿವಾಕ್ಕ, ಒಂದು ಮಾತು ನೀವು ಯೋಚಿಸಿಲ್ಲ. ನಾಳೆ ಆರೋಪ ಹೊರಿಸಿದ್ರೆ ಅವನನ್ನ ದೊಡ್ಡ ಜೈಲಿಗೆ ಕಳಿಸ್ತಾರೆ. ಅಲ್ಲಿ ಅವರದೇ ಅಡುಗೆಮನೆ. ನಿಮ್ಮ ಡಬ್ಬಿ ಗೇಟು ದಾಟಲ್ಲ. ಆಮೇಲೆ ಅವನ ತಟ್ಟೆಗೆ ಯಾರು ಏನು ಬಡಿಸ್ತಾರೋ ದೇವರೇ ಬಲ್ಲ.”

ಹಿಂದೆ ಬಾಣಲೆಯಲ್ಲಿ ಬಾಳೆಹಣ್ಣು ಸೀದ ವಾಸನೆ ಬರುತ್ತಿತ್ತು, ತಿವಾ ತಿರುಗಿಯೂ ನೋಡಲಿಲ್ಲ.

“ಮತ್ತೇನು ಮಾಡ್ಲಿ?”

“ನನಗೆ ಬಿಡಿ. ಇನ್ನೊಂದು ಸುತ್ತು ಬೋಲ್ಟು, ಹೊಸ ಪೈಪು, ನೀರು. ಸಂಜೆಯೊಳಗೆ ಈ ಕಾರು ಎದ್ದು ನಿಲ್ಲುತ್ತೆ. ಇದರಲ್ಲೇ ಮಾಂಪಾಂಗಿಗೆ ಹೋಗಿ ನಿಮ್ಮಣ್ಣನ್ನ ಕೂರಿಸ್ಕೊಂಡು ಬರೋಣ. ನಾಳೆ ಜಡ್ಜ್ ಮುಂದೆ ಸಾಕ್ಷಿ ಕಾರು ಒಂದೇ ಅಲ್ಲ, ಸತ್ತ ಮನುಷ್ಯನೇ ಇಳಿದು ಬರ್ತಾನೆ. ಮೀನಿನ ಸಾರಿನ ಕತೆ ಅವನ ಬಾಯಿಂದಲೇ ಊರಿಗೆಲ್ಲ ಕೇಳ್ಲಿ. ಆಮೇಲೆ ಬ್ರೆಂಪೊಂಗ್ ಯಾರ ತಟ್ಟೆ ಹತ್ರಾನೂ ಸುಳಿಯಲ್ಲ.”

ತಿವಾ ಅವಳ ಎಣ್ಣೆ ಮೆತ್ತಿದ ಕೈಯನ್ನು ಹಿಡಿದುಕೊಂಡಳು. ಅಷ್ಟರಲ್ಲಿ ಗೇಟು ಕಿರ್ರೆಂದಿತು.

ಅಟಕೋರಾ ವಾಪಸು ಬಂದಿದ್ದ, ಎರಡೂ ಕೈ ತುಂಬ ಪೊಟ್ಟಣ. ಮುಖದಲ್ಲಿ ಮದುವೆಮನೆ ಕಳೆ. “ದುಡ್ಡೇ ಕೊಡೋಕೆ ಬಿಡಲಿಲ್ಲ ಮೇಡಂ! ಎಲ್ಲರಿಗೂ ಕೊಡಿಸಿದ್ರು. ಕೆಂಕಿ, ಮೀನು, ಖಾರ, ಎಲ್ಲಾ.”

ಅವನ ಹಿಂದೆ ಇಸ್ತ್ರಿ ಮುರಿಯದ ಅಂಗಿಯ ಬ್ರೆಂಪೊಂಗ್ ಒಳಗೆ ಬಂದ.

“ಅತ್ತೆ, ಇಲ್ಲೇ ಇದೀರಾ,” ಅಂತ ತಿವಾಗೆ ಕೈ ಮುಗಿದ. “ಅಚಿಯಾ ಮೇಡಂ, ಏನು ಕೆಲಸಗಾರ್ತಿ ನೀವು! ರೇಡಿಯೇಟರಲ್ಲಿ ಏನೋ ಪ್ಲಾಸ್ಟಿಕ್ ಸಿಕ್ತಂತೆ? ಪಾಪ, ಅಟಕೋರಾ ದಾರಿಯುದ್ದಕ್ಕೂ ನಿಮ್ಮನ್ನೇ ಹೊಗಳ್ತಿದ್ದ.”

ಅಚಿಯಾ ಬಟ್ಟೆಗೆ ಕೈ ಹಾಕುವಷ್ಟರಲ್ಲಿ ಅವನು ಬೋಗುಣಿಯ ಮುಂದೆ ಕುಕ್ಕರಗಾಲಲ್ಲಿ ಕೂತಾಗಿತ್ತು. ಒಂದು ಚೂರನ್ನು ಎತ್ತಿ ಬೆರಳ ತುದಿಯಲ್ಲಿ ಹಿಡಿದು ಬಿಸಿಲಿಗೆ ನೋಡಿದ.

“ಹಸಿರು,” ಅಂದ.

“ಯಾವುದೋ ಹಳೇ ಕಸ,” ಅಂದಳು ಅಚಿಯಾ. “ಗ್ಯಾರೇಜಲ್ಲಿ ದಿನಾ ಸಿಗುತ್ತೆ.”

“ಹಾಗಲ್ಲ ಮೇಡಂ, ನಮ್ಮ ಮಾಂಪಾಂಗ್ ನೀರು!” ಅಂದ ಅಟಕೋರಾ, ಕೆಂಕಿಯ ಎಲೆ ಬಿಚ್ಚುತ್ತಾ.

ಬ್ರೆಂಪೊಂಗ್ ಬೆದಿಯಾಕೊನ ಮುಖ ನೋಡಿದ. ಆಮೇಲೆ ಅತ್ತೆಯ ಮುಖ ನೋಡಿದ. ಬೆದಿಯಾಕೊ ನೆಲ ನೋಡುತ್ತಿದ್ದ. ತಿವಾ ಸೆರಗಿನಿಂದ ಬಾಯಿ ಒತ್ತಿಕೊಂಡಿದ್ದಳು. ಯಾರೂ ಏನೂ ಹೇಳಬೇಕಾಗಿರಲಿಲ್ಲ. ಅವನು ಮೆಲ್ಲಗೆ ಎದ್ದು ಪ್ಯಾಂಟಿನ ಧೂಳು ಕೊಡವಿಕೊಂಡ. ಚೂರನ್ನು ಅಂಗಿಯ ಜೇಬಿಗೆ ಹಾಕಿಕೊಂಡ.

“ಊಟ ಆರುತ್ತೆ, ಎಲ್ಲರೂ ತಿನ್ನಿ,” ಅಂದ ನಗುತ್ತಾ. “ನನಗೊಂದು ಕೆಲಸ ನೆನಪಾಯ್ತು. ನಾಳೆ ಕೋರ್ಟಲ್ಲಿ ಸಿಗೋಣ.”

ಗೇಟಿನಾಚೆ ಅವನ ಕಾರಿನ ಬಾಗಿಲು ಬಡಿಯಿತು. ಇಂಜಿನ್ ಒಂದೇ ಗುಕ್ಕಿಗೆ ಎದ್ದು ಉತ್ತರದ ರಸ್ತೆಯ ಕಡೆ ಓಡಿತು.

ಅಚಿಯಾ ಅಟಕೋರಾ ಕೈಯಿಂದ ಮೀನು ಕಿತ್ತು ನೆಲಕ್ಕೆ ಎಸೆದಳು. “ಬಾಯಿಗಿಡಬೇಡ ಅದನ್ನ! ತಿವಾಕ್ಕ, ಆ ಮನೆಗೆ ಫೋನ್ ಮಾಡಿ, ಈಗಲೇ.”

“ಯಾವ ಫೋನು? ಅಣ್ಣನದು ಪೊಲೀಸರಿಗೆ ಸುಳಿವು ಸಿಗಬಾರ್ದು ಅಂತ ಬೆದಿಯಾಕೊ ಹೊಳೆಗೆ ಎಸೆದ. ಮನೇಲಿ ಬೇರೆ ಇಲ್ಲ. ಅಣ್ಣ ಒಬ್ಬನೇ ಇದಾನೆ.”

ಪೊಲೀಸರನ್ನು ನಂಬಿಸಿ ಹೊರಡಿಸುವುದಕ್ಕಾಗಲಿ, ಬಸ್ ನಿಲ್ದಾಣಕ್ಕೆ ಓಡಿ ವ್ಯಾನು ತುಂಬುವ ತನಕ ಕಾಯುವುದಕ್ಕಾಗಲಿ ಹೊತ್ತಿರಲಿಲ್ಲ. ಅಚಿಯಾ ಉದ್ದ ಹಿಡಿಯ ಪಾನಾ ಎತ್ತಿಕೊಂಡು ನಡುವಿನ ಬೋಲ್ಟಿಗೆ ಇಟ್ಟಳು. ಮೂರನೇ ಸುತ್ತು. “ಬೆದಿಯಾಕೊ, ಹೊಸ ಪೈಪು ತಗೊ. ಅಟಕೋರಾ, ಮನೇಲಿರೋ ನೀರೆಲ್ಲ ಇಲ್ಲಿಗೆ ತಾ. ಅವನಿಗೆ ಊರು ಗೊತ್ತಾಗಿದೆ, ಮನೆ ಗೊತ್ತಾಗಿಲ್ಲ. ದೊಡ್ಡ ಊರದು. ವಿಚಾರಿಸ್ತಾ ಬಾಗಿಲು ಬಾಗಿಲು ತಟ್ಟೋ ಹೊತ್ತಿಗೆ ನಾವು ಹಿಂದೇ ಇರ್ತೀವಿ.”

ತಿವಾ ಕಾರಿನ ಬಾನೆಟ್ ಹಿಡಿದುಕೊಂಡು ನಿಂತಳು.

“ಅವನು ಯಾರನ್ನೂ ವಿಚಾರಿಸಬೇಕಾಗಿಲ್ಲ ಅಚಿಯಾ,” ಅಂದಳು. “ಚಿಕ್ಕವನಿದ್ದಾಗ ರಜೆ ಬಂದ್ರೆ ಸಾಕು, ಅಲ್ಲೇ ಇರ್ತಿದ್ದ. ಅದೇ ಮನೆ ಜಗಲೀಲಿ ಕೂರಿಸ್ಕೊಂಡು ನಾನೇ ಅವನಿಗೆ ಉಣ್ಣಿಸ್ತಿದ್ದೆ.”